ಯುದ್ಧ ಕಾಣದ ಯೋಧ

ಸೈನ್ಯದಲ್ಲಿದ್ದು ಊರಿಗೆ ಮರಳಿದವನನ್ನು ನಮ್ಮ ಜನ ಮೊದಲು ಕೇಳುವ ಪ್ರಶ್ನೆ ಒಂದೇ: “ಎಷ್ಟು ಯುದ್ಧ ಮಾಡಿದಿರಿ?” ಕೇಳುವವರಲ್ಲಿ ಕುಹಕವಿರುವುದಿಲ್ಲ, ಕುತೂಹಲವಿರುತ್ತದೆ, ಗೌರವವೂ ಇರುತ್ತದೆ. ವೀರಗಲ್ಲುಗಳನ್ನು ಊರ ಮುಂದೆ ನಿಲ್ಲಿಸಿ ಕೈಮುಗಿಯುತ್ತ ಬಂದ ನಾಡು ನಮ್ಮದು. ತುರುಗಳನ್ನು ಬಿಡಿಸಿಕೊಳ್ಳುವಾಗ ಮಡಿದವನಿಗೆ ಕಲ್ಲು ನಿಂತಿತು, ದೇವಕನ್ಯೆಯರು ಅವನನ್ನು ಕರೆದೊಯ್ಯುವ ಚಿತ್ರ ಅದರ ಮೇಲೆ ಮೂಡಿತು. ಆದರೆ ಕಳ್ಳರು ಹಟ್ಟಿಯ ಕಡೆ ಸುಳಿಯದಂತೆ ರಾತ್ರಿಯೆಲ್ಲ ಎಚ್ಚರವಿದ್ದು, ಬೆಳಗಾದ ಮೇಲೆ ಕಂಬಳಿ ಕೊಡವಿಕೊಂಡು ಮನೆಗೆ ನಡೆದವನಿಗೆ ಕಲ್ಲು ನಿಲ್ಲಿಸುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ. ತುರುಗಳು ಉಳಿದವು ಎಂಬುದೊಂದೇ ಅವನ ಶಾಸನ.

ಡಿಸೆಂಬರ್ 4 ನಮ್ಮ ನೌಕಾಪಡೆಯ ದಿನ. 1971ರ ಆ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಬಂದರಿನ ಮೇಲೆ ಎರಗಿದ ನೆನಪಿಗಾಗಿ ಅದನ್ನು ಆಚರಿಸುತ್ತಾರೆ. ಆ ವೀರರ ಕಥೆಯನ್ನು ಹೇಳುವವರು ಬಹುಮಂದಿ ಇದ್ದಾರೆ. ಅದೇ ಪಡೆಯಲ್ಲಿ 15 ವರ್ಷ ದುಡಿದು, ಒಂದು ಗುಂಡನ್ನೂ ಹಾರಿಸದೆ ಮನೆಗೆ ಬಂದ ಒಬ್ಬ ಸಾಮಾನ್ಯ ನಾವಿಕನ ವಿಚಾರವನ್ನು ಈ ವಾರ ವಾಚಕರೊಡನೆ ಹಂಚಿಕೊಳ್ಳಬೇಕೆನಿಸಿದೆ. ಅವರು ನನ್ನ ತಂದೆ. ಅವರು ತೀರಿಕೊಂಡು ಮೂರು ವರ್ಷವಾಯಿತು.

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿ ನಮ್ಮ ಊರು. ವೈಟ್‌ಫೀಲ್ಡಿನ ಕಡೆಯಿಂದ ಮಾಲೂರಿನತ್ತ ಹೋಗುವವರಿಗೆ ಪರಿಚಯವಿರುವ ಹೆಸರು. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದ ಬಯಲುಸೀಮೆ. ರಾಗಿ, ಅವರೆ, ಹಿಪ್ಪುನೇರಳೆ, ತರಕಾರಿಗಳ ಭೂಮಿ. ಹತ್ತಿರದ ಕಡಲು ಮದರಾಸಿನದು. ಅದೂ ಮುನ್ನೂರು ಕಿಲೋಮೀಟರುಗಳ ಆಚೆ. ಇಲ್ಲಿಯ ಮಕ್ಕಳಿಗೆ ದೊಡ್ಡ ನೀರು ಎಂದರೆ ಹೊಸಕೋಟೆಯ ಕೆರೆ. ಅಂಥ ಊರಿನಿಂದ 1973ರಲ್ಲಿ, ಹದಿನೇಳು ತುಂಬಿದ ಹುಡುಗನೊಬ್ಬ ನೌಕಾಪಡೆಗೆ ಸೇರಿ ರೈಲು ಹತ್ತಿದನೆಂದರೆ ಕಡಲಿನ ಮೋಹ ಅದಕ್ಕೆ ಕಾರಣವಲ್ಲ. ಎರಡು ವರ್ಷ ಮಳೆ ಕೈಕೊಟ್ಟಿತ್ತು. ಮನೆಯಲ್ಲಿ ಉಣ್ಣುವ ಬಾಯಿಗಳು ಏಳು. ಹತ್ತನೆಯ ತರಗತಿ ಮುಗಿಸಿದವನು ಅವರೊಬ್ಬರೇ.

ನಮ್ಮ ಅಜ್ಜಿ ಸಮುದ್ರವನ್ನು ಕಂಡವರಲ್ಲ. ಮಗ ಇನ್ನು ಮುಂದೆ ನೀರಿನ ಮೇಲೆಯೇ ಇರುತ್ತಾನೆಂದು ತಿಳಿದಾಗ ಅವರು ಕೇಳಿದ್ದು ಒಂದೇ ಮಾತು: “ಅಲ್ಲಿಂದ ದಡ ಕಾಣ್ತದೇನಪ್ಪಾ?” ಅಪ್ಪ “ಕಾಣ್ತದಮ್ಮ” ಎಂದರಂತೆ. ಅಜ್ಜಿ ಸಾಯುವವರೆಗೂ ಆ ಮಾತನ್ನು ನಂಬಿದ್ದರು.

ವಿಶಾಖಪಟ್ಟಣದ ಐಎನ್‌ಎಸ್ ಸರ್ಕಾರ್ಸ್ ನೆಲೆಯಲ್ಲಿ ಹುಡುಗರ ತರಬೇತಿ. ಆಮೇಲೆ ಲೋನಾವಳದ ಐಎನ್‌ಎಸ್ ಶಿವಾಜಿಯಲ್ಲಿ ಯಂತ್ರಗಳ ಪಾಠ. ಅಪ್ಪನಿಗೆ ದೊರೆತದ್ದು ಎಂಜಿನಿಯರಿಂಗ್ ವಿಭಾಗ. ನಾವಿಕರ ಹಳೆಯ ಮಾತಿನಲ್ಲಿ ಹೇಳುವುದಾದರೆ ಅವರು ‘ಸ್ಟೋಕರ್’, ಬಾಯ್ಲರಿನ ಬೆಂಕಿಯನ್ನು ನೋಡಿಕೊಳ್ಳುವವನು. ಅವರು ಹೊರಟ ವರ್ಷವೇ, ನವೆಂಬರ್ 1ರಂದು, ನಮ್ಮ ರಾಜ್ಯ ಮೈಸೂರೆಂಬ ಹೆಸರನ್ನು ಬಿಟ್ಟು ಕರ್ನಾಟಕವಾಯಿತು. ಆದರೆ ಕಡಲಿನ ಮೇಲೆ ಮೈಸೂರು ಹಾಗೆಯೇ ಉಳಿದಿತ್ತು. ಅಪ್ಪನಿಗೆ ದೊರೆತ ಹಡಗು ಐಎನ್‌ಎಸ್ ಮೈಸೂರು.

ಆ ಹಡಗಿನ ಜಾತಕ ಸ್ವಾರಸ್ಯವಾದದ್ದು. ಅದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ನೈಜೀರಿಯ ಎಂಬ ಹೆಸರಿನಲ್ಲಿ. 1940ರಲ್ಲಿ ಬ್ರಿಟಿಷ್ ನೌಕಾಪಡೆಯನ್ನು ಸೇರಿದ ಈ ಕ್ರೂಸರ್ 1942ರ ಆಗಸ್ಟಿನಲ್ಲಿ ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುವ ಹಡಗುಗಳ ಕಾವಲಿಗೆ ಹೊರಟಿದ್ದಾಗ ಇಟಲಿಯ ಜಲಾಂತರ್ಗಾಮಿಯೊಂದು ಹೊಡೆದ ಟಾರ್ಪೆಡೊಗೆ ಗುರಿಯಾಯಿತು. ಒಳಗಿದ್ದ ಹಲವರು ಸತ್ತರು. ಹಡಗು ಮಾತ್ರ ಮುಳುಗದೆ ಜಿಬ್ರಾಲ್ಟರಿಗೆ ಮರಳಿತು. 1954ರಲ್ಲಿ ಭಾರತ ಅದನ್ನು ಕೊಂಡಿತು. ದುರಸ್ತಿಯಾಗಿ, 1957ರ ಆಗಸ್ಟ್ 29ರಂದು ಅದು ಮೈಸೂರು ಎಂಬ ಹೊಸ ಹೆಸರಿನಿಂದ ನಮ್ಮ ಧ್ವಜವನ್ನೇರಿಸಿತು. ಅದರ ಲಾಂಛನ ನಮ್ಮ ಗಂಡಭೇರುಂಡ. ಎಂದಿಗೂ ಅಂಜದವನು ಎಂಬರ್ಥದ ಉಪನಿಷತ್ತಿನ ಮಾತು ಅದರ ಧ್ಯೇಯವಾಕ್ಯ. 1971ರ ಯುದ್ಧದಲ್ಲಿ ಅದು ಪಶ್ಚಿಮದ ನೌಕಾದಳಕ್ಕೆ ಮುಂದಾಳಾಗಿತ್ತು. ಕೊನೆಯ ವರ್ಷಗಳಲ್ಲಿ ಕೆಡೆಟ್‌ಗಳಿಗೆ ಕಡಲಿನ ಪಾಠ ಹೇಳುವ ಹಡಗಾಯಿತು. ಅಪ್ಪ ಅದನ್ನು ಸೇರಿದ್ದು ಆ ಕಾಲದಲ್ಲಿ. ಎರಡು ಯುದ್ಧ ಕಂಡ ಮುದಿ ಹಡಗಿಗೆ, ಯುದ್ಧವನ್ನೇ ಕಾಣದ ಹುಡುಗ.

ನೌಕಾಪಡೆಯಲ್ಲಿದ್ದವರು ದಿನವೂ ಸಮುದ್ರವನ್ನು ನೋಡುತ್ತಿರುತ್ತಾರೆಂಬುದು ನಮ್ಮ ಊಹೆ. ಅಪ್ಪ ಕೆಲಸ ಮಾಡುತ್ತಿದ್ದ ಬಾಯ್ಲರ್ ಕೋಣೆ ಇದ್ದದ್ದು ಹಡಗಿನ ತಳದಲ್ಲಿ. ಕಡಲಿನ ನೀರಿನ ಮಟ್ಟ ಅವರ ತಲೆಗಿಂತ ಮೇಲೆ. ಅಲ್ಲಿಗೆ ಇಳಿಯಲು ಕಡಿದಾದ ಕಬ್ಬಿಣದ ಏಣಿ; ಕೋಣೆಗೆ ಒಂದರ ಹಿಂದೆ ಒಂದರಂತೆ ಎರಡು ಬಾಗಿಲು. ಒಂದನ್ನು ಭದ್ರವಾಗಿ ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ಬೆಂಕಿ ಚೆನ್ನಾಗಿ ಉರಿಯಲೆಂದು ದೊಡ್ಡ ಫ್ಯಾನುಗಳು ಆ ಕೋಣೆಯೊಳಕ್ಕೆ ಗಾಳಿಯನ್ನು ಒತ್ತಿ ತುಂಬುತ್ತಿದ್ದವು. ಎರಡು ಬಾಗಿಲೂ ಒಮ್ಮೆಗೇ ತೆರೆದರೆ ಒತ್ತಡ ಇಳಿದು, ಒಲೆಯ ಬೆಂಕಿ ನಾಲಗೆ ಚಾಚಿ ಹೊರಕ್ಕೆ ಬಂದುಬಿಡುವ ಅಪಾಯವಿತ್ತು.

ಆ ಹಡಗಿನಲ್ಲಿ ಎಣ್ಣೆ ಉರಿಸುವ ನಾಲ್ಕು ಬಾಯ್ಲರುಗಳು. ಅವುಗಳ ಹಬೆಯಿಂದ ತಿರುಗುವ ಟರ್ಬೈನುಗಳು. ಒಟ್ಟು ಶಕ್ತಿ 72,500 ಅಶ್ವಬಲ. ಮೇಲೆ ಬ್ರಿಡ್ಜಿನಲ್ಲಿ ನಿಂತ ಅಧಿಕಾರಿ ವೇಗವನ್ನು ಬದಲಿಸಬೇಕೆಂದರೆ ಒಂದು ಹಿಡಿಯನ್ನು ತಿರುಗಿಸುತ್ತಾನೆ. ಕೆಳಗೆ ಎಂಜಿನ್ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ, ಮುಳ್ಳು ಸರಿಯುತ್ತದೆ: ನಿಲ್ಲು, ನಿಧಾನ, ಅರ್ಧ, ಪೂರ್ಣ. ಆ ಅಪ್ಪಣೆಗೆ ತಕ್ಕಂತೆ ಬಾಯ್ಲರಿನವರು ಎಣ್ಣೆ ಚಿಮ್ಮುವ ಬಾಯಿಗಳನ್ನು ಹೆಚ್ಚಿಸಬೇಕು, ಇಲ್ಲವೆ ತಗ್ಗಿಸಬೇಕು. ಗಾಳಿ ಕಡಿಮೆಯಾದರೆ ಹೊಗೆಕೊಳವೆಯಿಂದ ಕಪ್ಪು ಹೊಗೆ; ಹೆಚ್ಚಾದರೆ ಬಿಳಿಯ ಹೊಗೆ. ಎರಡೂ ಕೂಡದು, ಹೊಗೆ ಎಂದರೆ ಹತ್ತಾರು ಮೈಲಿ ದೂರದ ಶತ್ರುವಿಗೆ ‘ನಾನು ಇಲ್ಲಿದ್ದೇನೆ’ ಎಂದು ಕೂಗಿ ಹೇಳಿದಂತೆ. ಹೊಗೆಯೇಳದಂತೆ ಬೆಂಕಿಯನ್ನು ಉರಿಸುವುದೇ ಸ್ಟೋಕರನ ಕುಶಲತೆ. ನಮ್ಮ ಅಮ್ಮ ಸೌದೆ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುವಾಗಲೆಲ್ಲ ಅಪ್ಪ ಬಂದು ಎರಡು ಸೌದೆ ಹಿಂದಕ್ಕೆಳೆದು ಒಲೆಯನ್ನು ಸರಿಮಾಡುತ್ತಿದ್ದರು. ಅದರ ಹಿಂದಿನ ವಿದ್ಯೆ ಎಷ್ಟು ದೊಡ್ಡದೆಂಬುದು ನಮಗೆ ಬಹಳ ವರ್ಷ ತಿಳಿಯಲಿಲ್ಲ.

ಇನ್ನೊಂದು ವಿದ್ಯೆ ನೀರಿನದು. ಬಾಯ್ಲರಿಗೆ ಸಮುದ್ರದ ನೀರು ವಿಷ; ಅದರ ಉಪ್ಪು ಕೊಳವೆಗಳನ್ನು ತಿಂದುಹಾಕುತ್ತದೆ. ಆದ್ದರಿಂದ ಕಡಲಿನ ನೀರನ್ನು ಕಾಯಿಸಿ, ಆವಿಯನ್ನು ತಣಿಸಿ, ಸಿಹಿನೀರನ್ನು ಹಡಗಿನಲ್ಲಿಯೇ ಮಾಡಿಕೊಳ್ಳಬೇಕು. ಬಾಯ್ಲರಿಗೆ ಹೋಗುವ ನೀರಿನಲ್ಲಿ ಉಪ್ಪು ಬೆರೆತಿದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸಬೇಕು. ಮಾಡಿದ ಸಿಹಿನೀರಿನಲ್ಲಿ ಬಾಯ್ಲರಿನ ಪಾಲು ಮೊದಲು, ಮನುಷ್ಯರ ಸ್ನಾನದ ಪಾಲು ಆಮೇಲೆ. ಸುತ್ತ ಎಲ್ಲಿ ನೋಡಿದರೂ ನೀರಿರುವೆಡೆಯಲ್ಲಿ ಒಂದು ಬಕೆಟ್ಟಿನಲ್ಲಿ ಮೈತೊಳೆಯುವುದನ್ನು ಕಲಿತ ಅಪ್ಪ, ಕೊಳವೆ ಬಾವಿಗಳು ಸಾವಿರ ಅಡಿಗೂ ಬತ್ತುತ್ತಿದ್ದ ನಮ್ಮ ಸೀಮೆಗೆ ಮರಳಿದ ಮೇಲೆ ಆ ಅಭ್ಯಾಸವನ್ನು ಬಿಡಲಿಲ್ಲ.

ಅವರಿಂದ ನಾನು ಕೇಳಿದ ನೌಕಾಪಡೆಯ ಮಾತುಗಳಲ್ಲಿ ಮನಸ್ಸಿಗೆ ಬಹಳ ಹಿಡಿಸಿದ್ದು ‘ವಾಚ್’ ಎಂಬುದು. ಅದನ್ನು ಅವರು ‘ಪಾಳಿ’ ಎನ್ನುತ್ತಿದ್ದರು. ಹಡಗಿನಲ್ಲಿ ಹಗಲಿರುಳುಗಳ 24 ಗಂಟೆಯನ್ನು ನಾಲ್ಕು ನಾಲ್ಕು ಗಂಟೆಯ ಪಾಳಿಗಳಾಗಿ ಭಾಗ ಮಾಡುತ್ತಾರೆ. ಹಾಗೆ ಮಾಡಿದರೆ ಆರು ಪಾಳಿಯಾಗಬೇಕಲ್ಲವೆ? ಆದರೆ ಸಂಜೆ ನಾಲ್ಕರಿಂದ ಎಂಟರವರೆಗಿನದನ್ನು ಮಾತ್ರ ಎರಡೆರಡು ಗಂಟೆಯ ಎರಡು ತುಂಡು ಮಾಡಿ, ಒಟ್ಟು ಏಳು ಪಾಳಿ ಮಾಡಿಕೊಂಡಿದ್ದಾರೆ. ಏಳನ್ನು ಎರಡು ತಂಡಕ್ಕಾಗಲಿ ಮೂರು ತಂಡಕ್ಕಾಗಲಿ ಸಮವಾಗಿ ಹಂಚಲಾಗದು. ಆದ್ದರಿಂದ ಇಂದು ನಡುರಾತ್ರಿಯ ಪಾಳಿ ಮಾಡಿದವನಿಗೆ ನಾಳೆ ಬೇರೆ ಪಾಳಿ ಬರುತ್ತದೆ. ನಿದ್ದೆಗೇಡು ಒಬ್ಬನ ಹಣೆಗೇ ಅಂಟಿಕೊಳ್ಳುವುದಿಲ್ಲ. ಕಷ್ಟವನ್ನು ಎಲ್ಲರ ನಡುವೆ ಸುತ್ತಿಸುವ ಈ ಲೆಕ್ಕವನ್ನು ಕಂಡುಹಿಡಿದವನು ಯಾರೋ, ನ್ಯಾಯವಂತ. ಎಲ್ಲಕ್ಕಿಂತ ಕಠಿನವಾದದ್ದು ಹನ್ನೆರಡರಿಂದ ನಾಲ್ಕರ ಪಾಳಿ. ಹಡಗಿನ ಬಹುಪಾಲು ಜನ ಮಲಗಿರುತ್ತಾರೆ. ಕೆಳಗೆ ಮೈಯೆಲ್ಲ ಬೆವರಿಳಿಸುವ ಸೆಖೆ, ಕಿವಿ ಗಡಚಿಕ್ಕುವ ಸದ್ದು, ಗೋಡೆಯ ಮೇಲೆ ಒತ್ತಡ ತೋರಿಸುವ ಮುಳ್ಳು. ಹಡಗು ಎತ್ತ ಹೋಗುತ್ತಿದೆ, ಹೊರಗೆ ಬೆಳುದಿಂಗಳೋ ಬಿರುಗಾಳಿಯೋ, ಕೆಳಗಿರುವವನಿಗೆ ಕಾಣದು. ಅವನ ಪಾಲಿಗೆ ಆ ಮುಳ್ಳೇ ದಡ.

ಹಡಗಿನಲ್ಲಿ ಒಬ್ಬರು ಪಾಳಿಯಲ್ಲಿದ್ದಾಗ ಮನೆಯಲ್ಲಿಯೂ ಒಬ್ಬರು ಪಾಳಿಯಲ್ಲಿದ್ದರು. ಮದುವೆಯಾದ ಮೇಲೆ ಅಪ್ಪನಿಗೆ ಊರಿನ ಮುಖ ಕಾಣುತ್ತಿದ್ದದ್ದು ವರ್ಷಕ್ಕೆ ಎರಡು ತಿಂಗಳ ರಜೆಯಲ್ಲಿ. ಉಳಿದ ಹತ್ತು ತಿಂಗಳು ಹೊಲ, ಹಟ್ಟಿ, ಹಾಸಿಗೆ ಹಿಡಿದ ಅಜ್ಜ, ನಾದಿನಿಯರ ಮದುವೆ, ಇವೆಲ್ಲ ಅಮ್ಮನ ತಲೆಯ ಮೇಲೆ. ತಿಂಗಳಿಗೊಂದು ಮನಿಯಾರ್ಡರು ಬರುತ್ತಿತ್ತು. ಕಾಗದ ಬರೆಯಬೇಕಾದರೆ ಹಡಗಿನ ಹೆಸರಿನ ಕೆಳಗೆ ‘ಫ್ಲೀಟ್ ಮೇಲ್ ಆಫೀಸು, ಬೊಂಬಾಯಿ’ ಎಂದು ಬರೆದರಾಯಿತು. ಹಡಗು ಯಾವ ದೇಶದ ಬಂದರಿನಲ್ಲಿರಲಿ, ವಿಳಾಸ ಮಾತ್ರ ಅದೇ. ಗಂಡ ಎಲ್ಲಿದ್ದಾನೆಂಬುದನ್ನು ಆ ವಿಳಾಸದಿಂದ ತಿಳಿಯುವಂತಿರಲಿಲ್ಲ.

ಆ ಕಾಗದಗಳನ್ನು ಅಮ್ಮ ಟ್ರಂಕಿನಲ್ಲಿಟ್ಟಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ನಾನು ಅವನ್ನೆಲ್ಲ ಓದಿದೆ. ಕಡಲಿನ ವರ್ಣನೆಗೆ ಹುಡುಕಿದರೆ ಒಂದು ಸಾಲೂ ಇಲ್ಲ. ಎಲ್ಲವೂ ಊರಿನ ವಿಚಾರ. ಕೆರೆಗೆ ನೀರು ಬಂತೇ? ಹಸು ಕರು ಹಾಕಿತೇ? ರಾಗಿ ಪೈರಿಗೆ ಕಳೆ ತೆಗೆಸಿದಿರಾ? ಅಪ್ಪನಿಗೆ ಔಷಧ ತಪ್ಪದೆ ಕೊಡು. ಬಾಯ್ಲರ್ ಕೋಣೆಯಲ್ಲಿ ನಿಂತವನ ಕಣ್ಣಿಗೆ ಕಾಣುತ್ತಿದ್ದದ್ದು ಸಮೇತನಹಳ್ಳಿಯ ಹೊಲವೆಂಬುದು ಆ ಕಾಗದಗಳಿಂದ ಸ್ಪಷ್ಟ. ನಮ್ಮ ಅಕ್ಕ ಹುಟ್ಟಿದ್ದು 1981ರಲ್ಲಿ. ಅಪ್ಪ ಅವಳನ್ನು ಮೊದಲು ಎತ್ತಿಕೊಂಡದ್ದು ಅವಳಿಗೆ ಏಳು ತಿಂಗಳಾದ ಮೇಲೆ. ಮೂರು ವರ್ಷದವಳಾಗಿದ್ದಾಗ, ರಜೆಯಲ್ಲಿ ಬಂದ ಅಪ್ಪನನ್ನು ಕಂಡು ಅಜ್ಜಿಯ ಸೆರಗಿನ ಹಿಂದೆ ಅವಿತು “ಯಾರಜ್ಜಿ ಇವರು?” ಎಂದು ಕೇಳಿದಳಂತೆ. ಅಂದು ರಾತ್ರಿ ಅಪ್ಪ ಊಟ ಮಾಡಲಿಲ್ಲವೆಂದು ಅಮ್ಮ ಹೇಳುತ್ತಾರೆ. ದೇಶರಕ್ಷಣೆಯ ವೆಚ್ಚವನ್ನು ಲೆಕ್ಕ ಹಾಕುವವರು ಇಂಥ ರಾತ್ರಿಗಳನ್ನು ಯಾವ ಖಾತೆಗೆ ಬರೆಯುತ್ತಾರೋ ನಾನರಿಯೆ.

1985ರ ಆಗಸ್ಟ್ 20ರಂದು ಐಎನ್‌ಎಸ್ ಮೈಸೂರು ಸೇವೆಯಿಂದ ನಿವೃತ್ತವಾಯಿತು. ಅಪ್ಪ ಬಹುವಾಗಿ ನೆನೆಯುತ್ತಿದ್ದುದು ಬಾವುಟ ಇಳಿದದ್ದನ್ನಲ್ಲ, ಬಾಯ್ಲರುಗಳು ತಣ್ಣಗಾದದ್ದನ್ನು. “ಕೈಯಿಟ್ಟು ನೋಡಿದೆ. ಕಬ್ಬಿಣ ಬರೀ ಕಬ್ಬಿಣವಾಗಿತ್ತು” ಎನ್ನುತ್ತಿದ್ದರು. ಆಮೇಲಿನ ಮೂರು ವರ್ಷ ಅವರು ಲೋನಾವಳದಲ್ಲಿ ಹೊಸ ಹುಡುಗರಿಗೆ ಬಾಯ್ಲರಿನ ಪಾಠ ಹೇಳಿದರು. 1987ರಲ್ಲಿ ನಮ್ಮ ಪಡೆಗಳು ಶ್ರೀಲಂಕೆಗೆ ಹೋದಾಗಲೂ ಅವರು ಅಲ್ಲಿಯೇ ಇದ್ದರು. 1988ರಲ್ಲಿ ಪಿಂಚಣಿಯೊಡನೆ ಊರಿಗೆ ಬಂದರು. ನಾನು ಹುಟ್ಟಿದ್ದು ಆ ವರ್ಷ. ಬಿಳಿಯ ಉಡುಪಿನಲ್ಲಿ ಅವರನ್ನು ನಾನು ಕಂಡದ್ದು ಗೋಡೆಯ ಮೇಲಿನ ಭಾವಚಿತ್ರದಲ್ಲಿ ಮಾತ್ರ.

ಊರಿನವರು ಅವರನ್ನು ‘ಮಿಲ್ಟ್ರಿ’ ಎಂದೇ ಕರೆದರು. ಅರಳಿಕಟ್ಟೆಯಲ್ಲಿ ಯುದ್ಧದ ಪ್ರಶ್ನೆ ಬಂದಾಗಲೆಲ್ಲ ಅವರು “ಇಲ್ಲ, ನನ್ನ ಕಾಲದಲ್ಲಿ ಆಗಲಿಲ್ಲ” ಎಂದು ಹೇಳಿ ಮಾತನ್ನು ಮಳೆಬೆಳೆಯ ಕಡೆಗೆ ತಿರುಗಿಸುತ್ತಿದ್ದರು. ಪ್ರಶ್ನೆ ಒಮ್ಮೆ ಮಾತ್ರ ತುಸು ಹರಿತವಾಯಿತು. 1999ರಲ್ಲಿ, ಕಾರ್ಗಿಲ್ ಯುದ್ಧ ಮುಗಿದ ಉತ್ಸಾಹದಲ್ಲಿ, ನಮ್ಮ ಕಡೆಯ ಸಂಸ್ಥೆಯೊಂದು ಮಾಜಿ ಸೈನಿಕರಿಗೆ ಸನ್ಮಾನ ಮಾಡಿತು. ಪಟ್ಟಿ ಬರೆದುಕೊಳ್ಳಲು ಬಂದವರು ಯಾವ ಯುದ್ಧದಲ್ಲಿದ್ದಿರೆಂದು ಕೇಳಿದರು. ಯಾವುದರಲ್ಲಿಯೂ ಇಲ್ಲವೆಂದು ಅಪ್ಪ ಹೇಳಿದರು. ಅವರ ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಸಮಾರಂಭದ ದಿನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋಗಿ, ಸಭೆಯ ನಡುವೆ ಕುಳಿತು, ಹಾರ ಹಾಕಿಸಿಕೊಂಡ ಪ್ರತಿಯೊಬ್ಬರಿಗೂ ಚಪ್ಪಾಳೆ ತಟ್ಟಿ ಬಂದರು.

ಅಕ್ಕನಿಗೆ ಆಗ ಹದಿನೆಂಟು, ಅವಳಿಗೆ ತಡೆಯಲಾಗಲಿಲ್ಲ. “ನೀವ್ಯಾಕೆ ಹೋಗಿ ಅಲ್ಲಿ ಕೂತ್ರಿ?” ಎಂದು ಅತ್ತಳು. ಅಪ್ಪ ಹೇಳಿದ ಮಾತು ನನಗೆ ಇಂದಿಗೂ ಕಿವಿಯಲ್ಲಿದೆ. “ಅವರು ಕೇಳಿದ್ದು ಸರಿಯಾಗೇ ಇದೆ ಕಣಮ್ಮ. ನಾನು ಯುದ್ಧ ಮಾಡ್ಲಿಲ್ಲ. ಆದ್ರೆ ನನ್ನ ಪಾಳಿಲಿ ಒಂದು ದಿನಾನೂ ಹಬೆ ಇಳೀಲಿಲ್ಲ.” ಇಷ್ಟು ಹೇಳಿ ಎದ್ದು ತೋಟಕ್ಕೆ ಹೋದರು. ಪಂಪ್‌ಸೆಟ್ಟಿಗೆ ಆಗ ತ್ರೀಫೇಸ್ ಕರೆಂಟು ಬರುತ್ತಿದ್ದದ್ದು ನಡುರಾತ್ರಿಯಲ್ಲಿ. ಊರಿನವರೆಲ್ಲ ಶಪಿಸುತ್ತ ಏಳುತ್ತಿದ್ದ ಆ ಹೊತ್ತಿಗೆ ಅಪ್ಪ ಅಲಾರಮ್ಮಿಲ್ಲದೆ ಎದ್ದು, ಲಾಟೀನು ಹಿಡಿದು, ಹಿಪ್ಪುನೇರಳೆಗೆ ನೀರು ಕಟ್ಟಿ ಬರುತ್ತಿದ್ದರು.

ಆ ಮಾತಿನ ತೂಕ ತಿಳಿಯಬೇಕಾದರೆ ಇನ್ನೊಂದು ಹಡಗಿನ ಕಥೆಯನ್ನು ನೆನೆಯಬೇಕು. 1971ರ ಡಿಸೆಂಬರ್ 9ರ ರಾತ್ರಿ ದೀವ್ ತೀರದಾಚೆ ಐಎನ್‌ಎಸ್ ಖುಕ್ರಿ ಶತ್ರುವಿನ ಟಾರ್ಪೆಡೊಗೆ ಸಿಕ್ಕಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಅದರೊಡನೆ ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಟ್ಟು ಬರಲಿಲ್ಲ. ಅದಾದ ಎರಡೇ ವರ್ಷಕ್ಕೆ ಪಡೆಯನ್ನು ಸೇರಿದವರು ಅಪ್ಪ. ಪಾಠ ಹೇಳಿದ ಹಿರಿಯರ ಬಾಯಲ್ಲಿ ಆ ರಾತ್ರಿ ಇನ್ನೂ ಹಸಿಯಾಗಿತ್ತು. ಟಾರ್ಪೆಡೊ ಬಡಿಯುವುದು ನೀರಿನ ಕೆಳಗೆ. ತಳದಲ್ಲಿರುವವನು ಏಣಿ ಹತ್ತಿ ಮೇಲೆ ಬರಲು ದೊರೆಯುವ ಸಮಯ ತೀರ ಕಡಿಮೆ. ಅವರಿದ್ದ ಹಡಗೇ 1942ರಲ್ಲಿ ಅದನ್ನು ಕಂಡಿತ್ತು. ಇದೆಲ್ಲ ಗೊತ್ತಿದ್ದೂ ಅಪ್ಪನಂಥವರು ದಿನವೂ ಆ ಏಣಿಯನ್ನು ಇಳಿದರು. ಯುದ್ಧ ಬಂದ ದಿನ ಮಾತ್ರ ಇಳಿಯುತ್ತೇನೆಂದರೆ ಬಾಯ್ಲರು ಕೇಳುವುದಿಲ್ಲ. ತಣ್ಣಗಿರುವ ಬಾಯ್ಲರಿನಲ್ಲಿ ಹಬೆ ಏಳಲು ಗಂಟೆಗಟ್ಟಲೆ ಬೇಕು. ಶತ್ರು ಅಷ್ಟು ಹೊತ್ತು ಕಾಯುವವನಲ್ಲ.

ಇದಕ್ಕೆ ಆ 1999ರ ವರ್ಷವೇ ಸಾಕ್ಷಿ. ಕಾರ್ಗಿಲಿನ ಶಿಖರಗಳಲ್ಲಿ ಕಾದಾಟ ನಡೆಯುತ್ತಿದ್ದಾಗ ನಮ್ಮ ನೌಕಾದಳಗಳು ‘ತಲ್ವಾರ್’ ಎಂಬ ಕಾರ್ಯಾಚರಣೆಯಲ್ಲಿ ಅರಬ್ಬೀ ಸಮುದ್ರಕ್ಕೆ ಹೋಗಿ ನಿಂತವು. ಕಡಲಿನಲ್ಲಿ ಕಾಳಗ ನಡೆಯಲಿಲ್ಲ. ಆದರೆ ಆ ಹಡಗುಗಳು ಅಲ್ಲಿ ಸಿದ್ಧವಾಗಿ ನಿಂತದ್ದರಿಂದಲೇ ಎದುರಾಳಿಯ ಸಮುದ್ರಮಾರ್ಗಗಳ ಮೇಲೆ ಒತ್ತಡ ಬಿತ್ತು. ಹಾಗೆ ನಿಂತಿದ್ದ ಸಾವಿರಾರು ನಾವಿಕರು ಊರಿಗೆ ಬಂದಾಗ ಅವರನ್ನೂ ಜನ ಅದೇ ಪ್ರಶ್ನೆ ಕೇಳಿರಬೇಕು.

ಇದು ನಾವಿಕರೊಬ್ಬರ ಮಾತಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ವಿದ್ಯುತ್ತು ಹರಿದಂದಿನಿಂದ ಅಲ್ಲಿಯ ಯಂತ್ರಗಳ ಮುಂದೆ ರಾತ್ರಿ ಕುಳಿತವರೆಷ್ಟು ಮಂದಿ! ರೈಲ್ವೆಯ ಕೈಮರದ ಬಳಿ ನಿಂತವರು, ಆಸ್ಪತ್ರೆಯ ವಾರ್ಡಿನಲ್ಲಿ ನಡುರಾತ್ರಿ ರೋಗಿಯ ನಾಡಿ ಹಿಡಿದವರು, ನಮ್ಮ ನಿಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರ ಕೆಲಸ ಕೆಟ್ಟರೆ ಪತ್ರಿಕೆಯಲ್ಲಿ ಸುದ್ದಿ. ಸರಿಯಾಗಿ ನಡೆದರೆ ಸುದ್ದಿಯಿಲ್ಲ. ಅಪಘಾತವಾಗದ ರಾತ್ರಿಯನ್ನು ಎಣಿಸುವವರು ಯಾರೂ ಇಲ್ಲ. ಅಂಥ ರಾತ್ರಿಗಳನ್ನು ಒಂದರ ಮೇಲೊಂದು ಪೇರಿಸಿದ್ದಕ್ಕೇ ನಾವು ಶಾಂತಿ ಎಂಬ ದೊಡ್ಡ ಹೆಸರು ಕೊಟ್ಟಿದ್ದೇವೆ.

ಹಳೆಯ ಹಡಗು ಒಡೆದು ಗುಜರಿಯಾಗಿ ಎಷ್ಟೋ ಕಾಲವಾಯಿತು. ಆದರೆ ಹೆಸರು ಅಳಿದಿಲ್ಲ. ಮುಂಬಯಿಯ ಮಜಗಾಂವ್ ಡಾಕಿನಲ್ಲಿ ಕಟ್ಟಿದ ಹೊಸ ಐಎನ್‌ಎಸ್ ಮೈಸೂರು 1999ರ ಜೂನ್ 2ರಂದು ಪಡೆಯನ್ನು ಸೇರಿತು. ಗಂಡಭೇರುಂಡ ಅದರ ಲಾಂಛನದಲ್ಲಿಯೂ ಇದೆ. ಬಾಯ್ಲರಿನ ಕಾಲ ಹೋಗಿ ಗ್ಯಾಸ್ ಟರ್ಬೈನಿನ ಕಾಲ ಬಂದಿದೆ. ಪಾಳಿಗಳು ಮಾತ್ರ ಹಾಗೆಯೇ ಇವೆ. ಈ ರಾತ್ರಿಯೂ ಹನ್ನೆರಡು ಗಂಟೆಗೆ ಯಾವುದೋ ಒಳನಾಡಿನ ಹಳ್ಳಿಯ ಹುಡುಗನೊಬ್ಬ, ಕಡಲಿಗೆ ಬೆನ್ನು ಮಾಡಿ, ತನ್ನ ಯಂತ್ರದ ಕಡೆಗೆ ಇಳಿಯುತ್ತಾನೆ. ಅವನು ರಜೆಯಲ್ಲಿ ನಿಮ್ಮ ಊರಿಗೆ ಬಂದಾಗ ಎಷ್ಟು ಯುದ್ಧ ಮಾಡಿದೆಯೆಂದು ಕೇಳಬೇಡಿ. ನಿನ್ನ ಪಾಳಿ ಎಷ್ಟು ಗಂಟೆಗೆ, ಆಗ ಏನು ಮಾಡುತ್ತೀಯೆ ಎಂದು ಕೇಳಿ. ಅವನಿಗೆ ಹೇಳಲು ಬಹಳ ಇರುತ್ತದೆ. ಹೇಳಲಿಕ್ಕೆ ಅವನಿರುವಾಗಲೇ ಕೇಳಿ.